ತಲೆಗೆ ಬಿಸಿನೀರು ಹಾಕಿದಾಗ ಮಾತ್ರ ಮಕ್ಕಳಿಗೆ ಬರುವ ಫಿಟ್ಸ್: ದಿನಾ ಮಾತ್ರೆ ಬೇಕೇ, ಬಚ್ಚಲಿನ ಅಭ್ಯಾಸ ಬದಲಿಸಿದರೆ ಸಾಕೇ?

ಹಂಡೆಒಲೆ

ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ಆಶಾ ಕಾರ್ಯಕರ್ತೆಯರಿಗೆ ಒಂದು ಟಿಪ್ಪಣಿ ತಯಾರಾಗುತ್ತಿದೆ. ವಿಷಯ ಬಿಸಿನೀರಿನ ಮೂರ್ಛೆ. ಐದರಿಂದ ಹನ್ನೆರಡು ವರ್ಷದ ಮಕ್ಕಳು. ಮೈಗೆ ಎಷ್ಟು ಬಿಸಿನೀರು ಹಾಕಿದರೂ ಏನೂ ಆಗುವುದಿಲ್ಲ. ತಲೆ ಮೇಲೆ ಚೊಂಬಿನಲ್ಲಿ ಬಿಸಿನೀರು ಬೀಳುತ್ತಾ ಹೋದ ಹಾಗೆ ಮಂಕಾಗಿ ನೋಡುತ್ತವೆ, ಏನೇನೋ ಮಾತಾಡುತ್ತವೆ, ಕೆಲವು ಬಿದ್ದು ಕೈಕಾಲು ಸೆಟೆಯುತ್ತವೆ. ಮನೆಯವರು ಪಿತ್ತ, ಉಷ್ಣ, ದೃಷ್ಟಿ ಅಂತ ಬಿಟ್ಟುಬಿಡುತ್ತಾರೆ. ಇಲ್ಲವೇ ಯಾರೋ ಬರೆದುಕೊಟ್ಟ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿಸುತ್ತಾರೆ.

ಮೂರು ಪ್ರಶ್ನೆ ಇವೆ. ಇದು ನಿಜವಾದ ಅಪಸ್ಮಾರವೇ (ಎಪಿಲೆಪ್ಸಿ)? ನೀರಿನ ಬಿಸಿ ಎಷ್ಟಿದ್ದರೆ ಸರಿ, ಸಂಖ್ಯೆಯಲ್ಲಿ ಹೇಳಲು ಆಗುತ್ತದೆಯೇ? ದಿನಾ ಔಷಧ ಯಾರಿಗೆ ಬೇಕು, ಯಾರಿಗೆ ಬೇಡ? ವಿಷಯ ಬಲ್ಲವರು ಬರೆದರೆ ಒಳ್ಳೆಯದು.

ಕಾವೇರಿತೀರ

ಮೊದಲನೆಯದಕ್ಕೆ ಉತ್ತರ ಹೌದು. ಇದು ಪ್ರತಿವರ್ತಿ ಅಪಸ್ಮಾರದ ಗುಂಪಿನದು. ಟಿವಿಯ ಮಿನುಗು ಬೆಳಕಿಗೆ ಕೆಲವರಿಗೆ ಫಿಟ್ಸ್ ಬರುತ್ತದಲ್ಲ, ಇದು ಅದೇ ಜಾತಿ. ಪ್ರಚೋದಕ ಮಾತ್ರ ಬೇರೆ.

ವೈದ್ಯ ಸಾಹಿತ್ಯದಲ್ಲಿ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಆದರೆ ದೊಡ್ಡ ಸಂಖ್ಯೆಯಲ್ಲಿ ಗುರುತಿಸಿದ್ದು ಬೆಂಗಳೂರಿನಲ್ಲೇ. ಡಾ. ಕೆ.ಎಸ್. ಮಣಿ ಮತ್ತು ಜೊತೆಗಾರರು 1968ರಲ್ಲಿ ಬರೆದರು, 1972ರಲ್ಲಿ 60 ರೋಗಿಗಳ ವಿವರ ಕೊಟ್ಟರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತು ತಂಡದವರು 279 ರೋಗಿಗಳ ಅಧ್ಯಯನ ಪ್ರಕಟಿಸಿದರು. ನಮ್ಮವರ ಆ ಕೆಲಸದ ಮೇಲೇ ಇವತ್ತಿನ ತಿಳಿವಳಿಕೆಯ ಬಹುಭಾಗ ನಿಂತಿದೆ. ಟರ್ಕಿಯಿಂದಲೂ ಜಪಾನಿನಿಂದಲೂ ವರದಿಗಳಿವೆ, ಆದರೆ ಜಪಾನಿನದು ಬೇರೆ ಬಗೆ: ಅಲ್ಲಿ ಕೂಸುಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಇಳಿಸಿದಾಗ ಬರುವಂಥದ್ದು.

ಎಷ್ಟು ಜನರಿಗಿದೆ ಎಂದರೆ, ಬೆಂಗಳೂರು ನಗರ ಮತ್ತು ಗ್ರಾಮಾಂತರ ಸಮೀಕ್ಷೆಯಲ್ಲಿ ಲಕ್ಷಕ್ಕೆ 60, ಚಾಮರಾಜನಗರ ಜಿಲ್ಲೆಯ ಯಳಂದೂರಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ 255. ಅದೇ ಬೆಂಗಳೂರು ಸಮೀಕ್ಷೆಯಲ್ಲಿ ಎಲ್ಲ ಬಗೆಯ ಅಪಸ್ಮಾರ ಸೇರಿ ಸಾವಿರಕ್ಕೆ 8.8, ಹಳ್ಳಿಯಲ್ಲಿ 11.9, ಪೇಟೆಯಲ್ಲಿ 5.7. ನಿಮ್ಮ ಟಿಪ್ಪಣಿಗೆ ಯಳಂದೂರಿನ ಸಂಖ್ಯೆ ಹಾಕಿ, ಅದು ನಿಮ್ಮ ಊರಿನದೇ.

ಲಕ್ಷಣಗಳಲ್ಲಿ ಗಮನಿಸಬೇಕಾದದ್ದು: ಮೂರರಲ್ಲಿ ಎರಡು ಭಾಗದಷ್ಟು ಜನರಲ್ಲಿ ಮಿದುಳಿನ ಒಂದು ಭಾಗದಿಂದ ಹೊರಟು ಅರಿವು ಮಂಕಾಗುವ ಬಗೆ. ಮಂಕು ನೋಟ, ಕಾರಣವಿಲ್ಲದ ಭಯ, ಸಂಬಂಧವಿಲ್ಲದ ಮಾತು, ಇಲ್ಲದ್ದು ಕಾಣುವುದು ಅಥವಾ ಕೇಳುವುದು. ಇದರಲ್ಲೇ ಕೆಲವರಿಗೆ ಮುಂದುವರಿದು ಇಡೀ ಮೈ ಸೆಳೆತವಾಗುತ್ತದೆ. ಉಳಿದ ಮೂರನೇ ಒಂದು ಭಾಗಕ್ಕೆ ನೇರವಾಗಿ ದೊಡ್ಡ ಫಿಟ್ಸ್. ಗಂಡುಮಕ್ಕಳಲ್ಲಿ ಹೆಚ್ಚು. ನೊರೆ ಬರಲಿಲ್ಲ, ಕೈಕಾಲು ಒದರಲಿಲ್ಲ, ಹಾಗಾಗಿ ಫಿಟ್ಸ್ ಅಲ್ಲ ಎಂದು ಮನೆಯವರು ಹೇಳುವುದು ಆ ಮೊದಲ ಬಗೆಯಲ್ಲಿ. ಕಾರ್ಯಕರ್ತೆಯರಿಗೆ ಇದನ್ನೇ ಒತ್ತಿ ಹೇಳಿ.

ತರಂಗರೇಖೆ

ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ವಿಭಾಗದ ಕಡೆಯಿಂದ ಒಂದು ಮಾತು. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದ ಇಇಜಿ ಈ ಮಕ್ಕಳಲ್ಲಿ ಬಹುಪಾಲು ನಾರ್ಮಲ್ ಬರುತ್ತದೆ. ಐದಾರು ಜನರಲ್ಲಿ ಒಬ್ಬರಿಗೆ ಏನಾದರೂ ಏರುಪೇರು ಕಂಡರೆ ಹೆಚ್ಚು. ಆದ್ದರಿಂದ "ಇಇಜಿ ನಾರ್ಮಲ್, ಮಗುವಿಗೆ ಏನೂ ಇಲ್ಲ" ಎಂದು ಬರೆದುಕೊಡುವುದು ತಪ್ಪು. ರೋಗನಿರ್ಣಯ ನಿಂತಿರುವುದು ಸ್ನಾನದ ವಿವರದ ಮೇಲೆ.

ಪರೀಕ್ಷೆಗೆ ಬರುವಾಗ ಎಣ್ಣೆ ಹಚ್ಚಬಾರದು. ಹಿಂದಿನ ದಿನ ಶಾಂಪೂ ಅಥವಾ ಸೀಗೆಕಾಯಿಯಿಂದ, ಉಗುರುಬೆಚ್ಚಗಿನ ನೀರಿನಲ್ಲಿ ತಲೆ ತೊಳೆದು ಒಣಗಿಸಿ ತನ್ನಿ. ಎಣ್ಣೆ ಇದ್ದರೆ ಎಲೆಕ್ಟ್ರೋಡಿನ ಪೇಸ್ಟ್ ಹಿಡಿಯುವುದಿಲ್ಲ, ಚರ್ಮದ ಪ್ರತಿರೋಧ ಏರಿ ಗೆರೆಗಳ ತುಂಬ ಗದ್ದಲ. ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಿ. ನಿದ್ದೆಯ ರೆಕಾರ್ಡಿಂಗ್ ಇಲ್ಲದ ಮಕ್ಕಳ ಇಇಜಿ ಅರ್ಧಂಬರ್ಧ. ಬಸ್ಸಿನಲ್ಲಿ ಬರುವಾಗ ನಿದ್ದೆ ಮಾಡಲು ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು.

ನೀರು ಸುರಿಯುತ್ತಾ ಇಇಜಿ ತೆಗೆಯಬಹುದಲ್ಲ ಎಂದು ಕೇಳುತ್ತಾರೆ. ಸಂಶೋಧನೆಗಾಗಿ ಮಾಡಿದ್ದಾರೆ. ದಿನನಿತ್ಯದ ಪರೀಕ್ಷೆಯಾಗಿ ಅಲ್ಲ. ಎಲೆಕ್ಟ್ರೋಡ್ ಒದ್ದೆಯಾದರೆ ಪಕ್ಕಪಕ್ಕದವು ಒಂದಕ್ಕೊಂದು ಸೇರಿಕೊಂಡು ಸಿಗ್ನಲ್ ಕಲಸಿಹೋಗುತ್ತದೆ, ಮಗು ಅಲುಗಾಡಿದರೆ ಸ್ನಾಯುಗಳ ಗದ್ದಲ, ಅದರ ಮೇಲೆ ಬೇಕೆಂದೇ ಫಿಟ್ಸ್ ತರಿಸುವ ಅಪಾಯ. ಕೆಲವರಲ್ಲಿ ಫಿಟ್ಸ್ ಹೊತ್ತಿನಲ್ಲಿ ಮಿದುಳಿನ ರಕ್ತದ ಹರಿವು ತೋರಿಸುವ ಸ್ಪೆಕ್ಟ್ ಸ್ಕ್ಯಾನ್ ಮಾಡಿದಾಗ ಕಿವಿಯ ಮಗ್ಗುಲಿನ ಟೆಂಪೊರಲ್ ಲೋಬಿನ ಒಳಭಾಗ ಮತ್ತು ಹೈಪೊಥಲಾಮಸ್ ಕಡೆ ರಕ್ತದ ಹರಿವು ಏರಿದ್ದು ಕಂಡಿದೆ. ದೇಹದ ಬಿಸಿ ನಿಯಂತ್ರಿಸುವ ಜಾಗವೇ ಹೈಪೊಥಲಾಮಸ್, ಹಾಗಾಗಿ ಅದು ಕುತೂಹಲದ ಸಂಗತಿ.

ಪರೀಕ್ಷೆಗಿಂತ ಮೊಬೈಲ್ ವಿಡಿಯೊ ಹೆಚ್ಚು ಹೇಳುತ್ತದೆ. ಮಗುವಿನ ಸೊಂಟಕ್ಕೆ ಟವೆಲ್ ಇರಲಿ, ಮುಖ ಮತ್ತು ಎರಡೂ ಕೈ ಚೌಕಟ್ಟಿನೊಳಗಿರಲಿ. ಆ ವಿಡಿಯೊ ವೈದ್ಯರಿಗೆ ಮಾತ್ರ. ಕುಟುಂಬದ ವಾಟ್ಸಾಪ್ ಗುಂಪಿಗೆ ಬೇಡ.

ಹಂಡೆಒಲೆ

ಸರಿ. ಈಗ ಬಿಸಿ. "ಉಗುರುಬೆಚ್ಚಗೆ" ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಹಂಡೆ ಮುಂದೆ ಜೀವಮಾನ ಕಳೆದ ಅಜ್ಜಿಗೆ 45 ಡಿಗ್ರಿಯೂ ಉಗುರುಬೆಚ್ಚಗೇ.

ನಲ್ಲಿನೀರು

ಹೌದು, ಕೈ ನಂಬಬಾರದು. ಜ್ವರ ನೋಡುವ ಥರ್ಮಾಮೀಟರೂ ಬೇಡ, ಅದು 42–43 ಡಿಗ್ರಿಗೆ ನಿಂತುಬಿಡುತ್ತದೆ. ಅಡುಗೆಗೆ, ಹಾಲಿಗೆ ಬಳಸುವ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಸಾಕು. ಬಕೆಟ್ಟನ್ನು ಚೆನ್ನಾಗಿ ಕಲಕಿ, ಅರ್ಧ ಆಳಕ್ಕೆ ಕಡ್ಡಿ ಇಳಿಸಿ, ಅಂಕಿ ನಿಂತ ಮೇಲೆ ಓದಿ. ಕಲಕದೆ ಮೇಲ್ಪದರ ಅಳೆದರೆ ಲೆಕ್ಕ ತಪ್ಪುತ್ತದೆ.

ನಮ್ಮಲ್ಲಿ ತಲೆಗೆ ಹಾಕುವ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಎಂದೇ ಅಧ್ಯಯನಗಳಲ್ಲಿ ದಾಖಲಾಗಿದೆ. ಗುರಿಯನ್ನು 37 ಎಂದಿಟ್ಟುಕೊಳ್ಳಿ, ಅಂದರೆ ಮೈಬಿಸಿಗಿಂತ ಮೇಲೆ ಹೋಗಬಾರದು. 20 ಲೀಟರ್ ಬಕೆಟ್ಟಿನ ಲೆಕ್ಕ:

ಗೀಸರ್ ನೀರು 60 ಡಿಗ್ರಿ, ನಲ್ಲಿ ನೀರು 24 ಡಿಗ್ರಿ ಇದ್ದರೆ ಬಿಸಿನೀರು 7 ಲೀಟರ್, ತಣ್ಣೀರು 13.
ಅದೇ ಗೀಸರ್, ಮಾಗಿಯಲ್ಲಿ ನಲ್ಲಿ ನೀರು 18 ಇದ್ದರೆ ಬಿಸಿ 9, ತಣ್ಣೀರು 11.
ಒಲೆ ಮೇಲಿನ ಹಂಡೆ, ನೀರು 80ರ ಹತ್ತಿರ, ನಲ್ಲಿ 24 ಇದ್ದರೆ ಬಿಸಿ ನಾಲ್ಕೂವರೆ ಲೀಟರ್ ಮಾತ್ರ.

ಮೂರನೆಯದನ್ನು ನೋಡಿ. ಗೀಸರ್ ಅಂದಾಜಿನಲ್ಲಿ ಹಂಡೆ ನೀರು 7 ಲೀಟರ್ ಬೆರೆಸಿದರೆ ಬಕೆಟ್ಟಿನ ಬಿಸಿ 43 ದಾಟುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ "ಅಷ್ಟೇ ಬಿಸಿನೀರು ಹಾಕಿದ್ದು, ಆದರೂ ಬಂತು" ಎನ್ನುವುದರ ಹಿಂದೆ ಬಹಳ ಸಲ ಇರುವುದು ಇದೇ.

ಮೊದಲು ತಣ್ಣೀರು, ಅದಕ್ಕೆ ಬಿಸಿನೀರು. ತಿರುಗಾಮುರುಗಾ ಮಾಡಿದರೆ ಮಗು ಮಧ್ಯದಲ್ಲಿ ಚೊಂಬು ಅದ್ದಿಬಿಡುತ್ತದೆ. ಸೋಲಾರ್ ನೀರು ಇನ್ನೂ ಮೋಸ: ಪೈಪಿನಲ್ಲಿ ನಿಂತ ನೀರು ಮೊದಲು ತಣ್ಣಗೆ ಬಂದು, ಆಮೇಲೆ ಏಕಾಏಕಿ ಸುಡುತ್ತದೆ. ಸೋಲಾರಿನಿಂದ ನೇರ ಶವರ್ ಈ ಮಕ್ಕಳಿಗೆ ಬೇಡವೇ ಬೇಡ.

ಕಾವೇರಿತೀರ

ಲೆಕ್ಕ ಚೆನ್ನಾಗಿದೆ. ಅದಕ್ಕೆ ಸೇರಿಸುವುದು: ಪ್ರಚೋದಕ ಬರೀ ಬಿಸಿ ಅಲ್ಲ. ಬಿಸಿ, ತಲೆ ಎಂಬ ಜಾಗ, ಒಂದರ ಹಿಂದೆ ಒಂದರಂತೆ ರಭಸವಾಗಿ ಸುರಿಯುವುದು, ಎಲ್ಲ ಸೇರಬೇಕು. ಹಾಗಾಗಿ ಬಿಸಿ ಇಳಿಸುವುದರ ಜೊತೆ ಕ್ರಮವನ್ನೂ ಬದಲಿಸಿ. ಮೊದಲು ಮೈ ಸ್ನಾನ ಮುಗಿಸಿ, ಕೊನೆಯಲ್ಲಿ ತಲೆ. ಎಣ್ಣೆ ತೆಗೆಯಲು ಶಾಂಪೂ ಬಳಸಿ, ಬಿಸಿಯನ್ನು ನೆಚ್ಚಬೇಡಿ; ಎಣ್ಣೆಸ್ನಾನದ ದಿನ ನೀರು ಹೆಚ್ಚು ಬಿಸಿಯಾಗುವುದು ಎಣ್ಣೆ ಬಿಡಲಿ ಅಂತಲೇ. ಒಂದು ಚೊಂಬು, ನಿಲ್ಲಿಸಿ, ಕೈಯಿಂದ ನೀರು ಇಳಿಸಿ, ಮತ್ತೆ ಒಂದು. ಅದೂ ಆಗದಿದ್ದರೆ ಒದ್ದೆ ಟವೆಲ್ಲಿನಿಂದ ತಲೆ ಒರೆಸಿ.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಇರುವ ಒಂದು ವಿವರಣೆ: ಈ ಜನರಲ್ಲಿ ಬಿಸಿ ನಿಯಂತ್ರಿಸುವ ವ್ಯವಸ್ಥೆಯೇ ಸ್ವಲ್ಪ ಭಿನ್ನ, ತಾಪ ಬೇಗ ಏರುವುದನ್ನು ಮಿದುಳು ತಾಳುವುದಿಲ್ಲ. ಆ ಒಲವು ಹುಟ್ಟಿನಿಂದ ಬಂದಿರುತ್ತದೆ, ನಮ್ಮ ಸ್ನಾನದ ಪದ್ಧತಿ ಅದನ್ನು ಹೊರಗೆಡಹುತ್ತದೆ.

ಹಳೇಚೀಟಿ

ಬಚ್ಚಲು ಬದಲಿಸಿ ಕಾಯುತ್ತಾ ಕೂರುವುದು ಸರಿ ಕಾಣುತ್ತಿಲ್ಲ. ಇಲಿಗಳ ಮೇಲೆ ಬೆಂಗಳೂರಿನಲ್ಲೇ ಮಾಡಿದ ಪ್ರಯೋಗಗಳಿವೆ. ಪದೇಪದೇ ಬಿಸಿನೀರಿನಿಂದ ಫಿಟ್ಸ್ ತರಿಸಿದಾಗ ಫಿಟ್ಸ್ ಬರಲು ಬೇಕಾದ ತಾಪ ಕೆಳಗಿಳಿಯುತ್ತದೆ, ಫಿಟ್ಸಿನ ಅವಧಿ ಉದ್ದವಾಗುತ್ತದೆ, ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರತಂತುಗಳು ಹೊಸದಾಗಿ ಚಿಗುರಿದ್ದೂ ಕಂಡಿದೆ. ಕಿಂಡ್ಲಿಂಗ್ ಎನ್ನುವುದು ಇದನ್ನೇ. ಮೊದಲ ಫಿಟ್ಸಿಗೇ ದಿನಾ ನುಂಗುವ ಫಿಟ್ಸ್ ಔಷಧ ಕಾರ್ಬಮಜೆಪಿನ್ ಶುರು ಮಾಡಿದರೆ ಮುಂದಿನದನ್ನು ತಡೆಯಬಹುದಲ್ಲ? ಸ್ನಾನವಿಲ್ಲದೆಯೂ ಫಿಟ್ಸ್ ಬರತೊಡಗುವವರು 16ರಿಂದ 38 ಪರ್ಸೆಂಟ್ ಎಂದು ಅಧ್ಯಯನಗಳೇ ಹೇಳುತ್ತವೆ.

ಕಾವೇರಿತೀರ

ಆ ಪ್ರಯೋಗಗಳು ಗಟ್ಟಿ ಕೆಲಸ, ಅನುಮಾನವಿಲ್ಲ. ಆದರೆ ಅಲ್ಲಿ ಇಲಿಯ ದೇಹದ ತಾಪವನ್ನೇ 41 ಡಿಗ್ರಿ ದಾಟಿಸುತ್ತಾರೆ. ನಾಲ್ಕು ನಿಮಿಷದ ಸ್ನಾನದಲ್ಲಿ ಮಗುವಿನ ದೇಹ ಅಷ್ಟು ಕಾಯುವುದಿಲ್ಲ. ಇಲಿಯಿಂದ ತಿಳಿದದ್ದು "ಫಿಟ್ಸ್ ಮರುಕಳಿಸಲು ಬಿಡಬೇಡಿ" ಎಂಬಷ್ಟು. ಮರುಕಳಿಸದಂತೆ ತಡೆಯಲು ನೀರಿನ ಬಿಸಿ ಇಳಿಸುವುದೇ ಸಾಕಾಗುವ ಮಕ್ಕಳಿಗೆ ದಿನಾ ಎರಡು ಹೊತ್ತು ಔಷಧ ಯಾಕೆ? ವಾರದಲ್ಲಿ ಒಂದು ದಿನದ ಹತ್ತು ನಿಮಿಷಕ್ಕಾಗಿ ಏಳು ದಿನ ಮಾತ್ರೆ, ಅದರ ಜೊತೆ ಕಾರ್ಬಮಜೆಪಿನ್ ತರುವ ಮೈದದ್ದು, ಸೋಡಿಯಂ ಇಳಿಕೆ, ತೂಕಡಿಕೆ.

16–38ರ ಸಂಖ್ಯೆ ಸರಿ, ಆದರೆ ಅದು ಆಸ್ಪತ್ರೆಗೆ ಬಂದವರದು. ಮಂಕು ನೋಟದ ಮಟ್ಟಕ್ಕೇ ನಿಂತು ಆಸ್ಪತ್ರೆ ಮೆಟ್ಟಿಲು ಹತ್ತದವರು ಅದರಲ್ಲಿಲ್ಲ.

ದಿನಾ ಔಷಧ ಯಾರಿಗೆ ಎಂದರೆ: ಸ್ನಾನವಿಲ್ಲದೆಯೂ ಫಿಟ್ಸ್ ಬಂದವರಿಗೆ, ಬಿಸಿ ಇಳಿಸಿ, ಸ್ನಾನಕ್ಕೆ ಮುಂಚೆ ಒಂದು ಡೋಸ್ ಕ್ಲೋಬಜಾಮ್ (ಇನ್ನೊಂದು ಫಿಟ್ಸ್ ಔಷಧ) ಕೊಟ್ಟೂ ನಿಲ್ಲದವರಿಗೆ. ಬೆಳವಣಿಗೆ ಹಿಂದುಳಿದಿದ್ದರೆ, ಒಂದು ಕಡೆ ಕೈಕಾಲು ಬಲಹೀನವಾಗಿದ್ದರೆ ಎಂಆರ್‌ಐ ಮಾಡಿಸಿ ಆಮೇಲೆ ತೀರ್ಮಾನ.

ಮಾತ್ರೆಡಬ್ಬಿ

ಕ್ಲೋಬಜಾಮ್ ಬಗ್ಗೆ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಎಡವಟ್ಟು ಆಗುವುದು ಇಲ್ಲೇ.

ಪದ್ಧತಿ: ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆಯಿಂದ ಎರಡು ಗಂಟೆ ಮುಂಚೆ, ಬಾಯಿಗೆ ಒಂದು ಡೋಸ್. ನಿಮ್ಹಾನ್ಸ್ ಕಡೆಯ ಬರವಣಿಗೆಗಳಲ್ಲಿರುವುದು 5ರಿಂದ 10 ಮಿಲಿಗ್ರಾಂ. ಮಗುವಿಗೆ ಎಷ್ಟು ಎಂಬುದನ್ನು ತೂಕ ನೋಡಿ ವೈದ್ಯರೇ ಬರೆಯಬೇಕು. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಡುವ ಔಷಧವೂ ಅಲ್ಲ ಇದು.

ಎಡವಟ್ಟು ಒಂದು: ಹೆಸರು. ಕ್ಲೋಬಜಾಮ್ ಬೇರೆ, ಕ್ಲೋನಜೆಪಾಮ್ ಬೇರೆ. ಮೊದಲನೆಯದು 5, 10 ಮಿಲಿಗ್ರಾಂ ಮಾತ್ರೆಗಳಲ್ಲಿ ಬರುತ್ತದೆ, ಎರಡನೆಯದು 0.25, 0.5 ರಲ್ಲಿ. ಚೀಟಿಯಲ್ಲಿ ಗೀಚಿದ ಅಕ್ಷರ ಓದಲಾಗದಿದ್ದರೆ ಮಿಲಿಗ್ರಾಂ ನೋಡಿ. ಕ್ಲೋಬಜಾಮ್ ಎಂದು ಓದಿ, ಅಂಕಿ 0.5 ಎಂದಿದ್ದರೆ ಕೊಡುವ ಮುಂಚೆ ಫೋನ್ ಮಾಡಿ ಕೇಳಬೇಕು.

ಎರಡು: ಸ್ನಾನ ತಡವಾಯಿತು, ಕರೆಂಟು ಹೋಯಿತು, ನೆಂಟರು ಬಂದರು. "ಮಾತ್ರೆ ಕೊಟ್ಟು ನಾಲ್ಕು ಗಂಟೆ ಆಯ್ತು, ಇನ್ನೊಂದು ಕೊಡೋಣ" ಎನ್ನುವುದು ಬೇಡ. ಈ ಔಷಧವೂ, ದೇಹದಲ್ಲಿ ಅದರಿಂದ ಉಂಟಾಗುವ ಇನ್ನೊಂದು ವಸ್ತುವೂ ಒಂದು ದಿನಕ್ಕಿಂತ ಹೆಚ್ಚು ಉಳಿಯುತ್ತವೆ. ಅದೇ ಡೋಸಿನಲ್ಲಿ ಸ್ನಾನ ಮುಗಿಸಿ.

ಮೂರು: ಬೇಸಿಗೆಯಲ್ಲಿ ದಿನಾ ತಲೆಸ್ನಾನ ಶುರುವಾದರೆ "ಸ್ನಾನದ ದಿನ ಮಾತ್ರ" ಎಂಬುದು ದಿನಾ ಆಗಿಬಿಡುತ್ತದೆ. ಆಗ ಔಷಧ ದೇಹದಲ್ಲಿ ಶೇಖರವಾಗಿ ಮಗು ತೂಗಾಡುತ್ತದೆ, ಕೆಲವು ವಾರಗಳಲ್ಲಿ ದೇಹ ಒಗ್ಗಿಕೊಂಡು ಪರಿಣಾಮ ಇಳಿಯುತ್ತದೆ, ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ತಿರುಗಿ ಬರಬಹುದು. ಬೇಸಿಗೆಯ ದಿನಾ ಸ್ನಾನ ತಣ್ಣೀರಿನದ್ದಾಗಿರಲಿ. ಮಾತ್ರೆ ಬೇಕಾಗುವುದಿಲ್ಲ.

ನಾಲ್ಕು: ಕೊಟ್ಟ ದಿನ ಜೊಲ್ಲು, ತೂಕಡಿಕೆ, ಕೆಲವು ಮಕ್ಕಳಲ್ಲಿ ಅದಕ್ಕೆ ತದ್ವಿರುದ್ಧವಾಗಿ ರಚ್ಚೆ, ಸಿಡುಕು. ಆ ದಿನ ಸೈಕಲ್, ಈಜು, ಮರ ಹತ್ತುವುದು ಬೇಡ. ಭಾನುವಾರ ಬೆಳಿಗ್ಗೆಗಿಂತ ಶನಿವಾರ ಸಂಜೆ ತಲೆಸ್ನಾನ ಇಟ್ಟುಕೊಂಡರೆ ಅನುಕೂಲ, ತೂಕಡಿಕೆ ರಾತ್ರಿಯ ನಿದ್ದೆಯಲ್ಲಿ ಕಳೆಯುತ್ತದೆ.

ಹಳೇಚೀಟಿ

ಒಪ್ಪಿದೆ. ಆದರೆ ದಿನಾ ಔಷಧ ಬೇಕಾದಾಗ ಕಾರ್ಬಮಜೆಪಿನ್ ಒಳ್ಳೆಯದೇ ತಾನೇ?

ವಂಶವೃಕ್ಷ

ಎಂಟು ವರ್ಷದ, ಚೆನ್ನಾಗಿ ಬೆಳೆದ ಮಗುವಿಗೆ ಹೌದು, ಬಹುಕಾಲದಿಂದ ಬಳಕೆಯಲ್ಲಿದೆ. ಎಂಟು ತಿಂಗಳ ಕೂಸಿಗೆ ಖಂಡಿತ ಅಲ್ಲ. ಈ ಎಳೆಯಲ್ಲಿ ಇಷ್ಟು ಹೊತ್ತು ಯಾರೂ ವಯಸ್ಸನ್ನು ಕೇಳಲಿಲ್ಲ, ಅದೇ ಮುಖ್ಯ.

ನಮ್ಮಲ್ಲಿ ಕೂಸಿಗೆ ಎರೆಯುವ ಪದ್ಧತಿ ಗೊತ್ತಲ್ಲ: ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಹಬೆಯಾಡುವ ನೀರು. ಆಗ ಒಂದು ವರ್ಷದೊಳಗಿನ ಕೂಸಿಗೆ ಫಿಟ್ಸ್ ಬಂದರೆ, "ನಮ್ಮ ಕಡೆಯ ಬಿಸಿನೀರಿನ ಮೂರ್ಛೆ" ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಡ್ರಾವೆ ಸಿಂಡ್ರೋಮ್ ಅಲ್ಲವೇ ಎಂದು ಮೊದಲು ನೋಡಿ. ಷಾರ್ಲೊಟ್ ಡ್ರಾವೆ 1978ರಲ್ಲಿ ವಿವರಿಸಿದ ತೀವ್ರ ಅಪಸ್ಮಾರ ಅದು. ಆ ಮಕ್ಕಳಿಗೆ ಜ್ವರಕ್ಕೂ ಬಿಸಿಸ್ನಾನಕ್ಕೂ ಫಿಟ್ಸ್ ಬರುತ್ತದೆ, ಮೊದಮೊದಲು ಬೆಳವಣಿಗೆ ಸರಿಯಾಗಿಯೇ ಕಾಣುತ್ತದೆ, ಎರಡನೇ ವರ್ಷದಿಂದ ಹಿಂದೆ ಬೀಳುತ್ತಾರೆ.

2008ರಲ್ಲಿ ಜಪಾನಿನ ಸಂಶೋಧಕರು ಒಂದು ಅಂಕಪಟ್ಟಿ ಮಾಡಿದರು. ಒಂದು ವರ್ಷದೊಳಗೆ ಜ್ವರದ ಫಿಟ್ಸ್ ಬಂದ ಮಕ್ಕಳಿಗೆ ಅನ್ವಯಿಸುವಂಥದ್ದು. ಏಳು ತಿಂಗಳೊಳಗೆ ಶುರುವಾದರೆ 2 ಅಂಕ, ಒಟ್ಟು ಐದು ಅಥವಾ ಹೆಚ್ಚು ಸಲ ಬಂದಿದ್ದರೆ 3, ಹತ್ತು ನಿಮಿಷ ಮೀರಿದ ಫಿಟ್ಸ್ ಇದ್ದರೆ 3, ದೇಹದ ಒಂದು ಬದಿಗೆ ಮಾತ್ರ ಸೆಳೆತ ಇದ್ದರೆ 3, ಭಾಗಶಃ ಫಿಟ್ಸ್‌ಗೆ 1, ಜುಮ್ಮೆಂದು ಎಗರುವ ಮಯೊಕ್ಲೊನಿಕ್‌ಗೆ 1, ಬಿಸಿನೀರಿನಿಂದ ಬಂದರೆ 2. ಒಟ್ಟು 6 ಮುಟ್ಟಿದರೆ ಡ್ರಾವೆ ಸಂಭವ ಹೆಚ್ಚು, ಜೀನ್ ಪರೀಕ್ಷೆಗೆ ಕಳಿಸಬೇಕು. ಆರು ತಿಂಗಳಿಗೆ ಶುರುವಾಗಿ, ಒಂದು ಸಲ ಹದಿನೈದು ನಿಮಿಷ ಬಂದು, ಸ್ನಾನದಲ್ಲೂ ಬಂದಿದ್ದರೆ ಅಲ್ಲಿಗೇ 7.

ಡ್ರಾವೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಎಸ್‌ಸಿಎನ್1ಎ ಜೀನಿನಲ್ಲಿ ದೋಷ ಇರುತ್ತದೆ. ಸಂಬಂಧ ಪತ್ತೆಯಾದದ್ದು 2001ರಲ್ಲಿ. ಈ ಜೀನ್ ನಿರ್ದೇಶಿಸುವ ಸೋಡಿಯಂ ವಾಹಿನಿ ಮುಖ್ಯವಾಗಿ ಮಿದುಳಿನ ತಡೆಯೊಡ್ಡುವ ನರಕೋಶಗಳಲ್ಲಿ ಕೆಲಸ ಮಾಡುತ್ತದೆ. ಅದು ಮೊದಲೇ ಅರ್ಧ ಕುಂದಿರುವಾಗ ಸೋಡಿಯಂ ವಾಹಿನಿಯನ್ನು ಮುಚ್ಚುವ ಕಾರ್ಬಮಜೆಪಿನ್, ಫೆನಿಟೊಯಿನ್, ಲ್ಯಾಮೊಟ್ರಿಜಿನ್ ಕೊಟ್ಟರೆ ಉಳಿದ ತಡೆಯೂ ಹೋಗಿ ಫಿಟ್ಸ್ ಹೆಚ್ಚುತ್ತದೆ. ವಾಲ್ಪ್ರೊಯೇಟ್, ಕ್ಲೋಬಜಾಮ್, ಸ್ಟಿರಿಪೆಂಟಾಲ್, ಫೆನ್‌ಫ್ಲೂರಮಿನ್, ಶುದ್ಧೀಕರಿಸಿದ ಕ್ಯಾನಬಿಡಯಾಲ್ ಇದರಲ್ಲಿ ಬಳಸುವ ಔಷಧಗಳು. ಪರೀಕ್ಷೆ ಬರೆಸುವಾಗ ಜೀನಿನ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಒಂದೇ ಸಾಲದು, ಜೀನಿನ ತುಂಡು ಅಳಿಸಿಹೋಗಿದೆಯೇ ಎಂದು ನೋಡುವ ಎಂಎಲ್‌ಪಿಎಯೂ ಬೇಕಾಗಬಹುದು. ಮೊದಲನೆಯದು ನೆಗೆಟಿವ್ ಬಂದರೆ ಇದನ್ನು ಕೇಳಿ.

ಕಾವೇರಿತೀರ

ವಂಶವೃಕ್ಷ ಮೇಡಂ ಹೇಳಿದ್ದು ಟಿಪ್ಪಣಿಯ ಮೊದಲ ಪುಟಕ್ಕೆ ಬರಲಿ. ಒಂದು ವರ್ಷದೊಳಗಿನ ಕೂಸಾಗಿದ್ದರೆ ಕಾರ್ಯಕರ್ತೆ ಅಂದೇ ದೊಡ್ಡಾಸ್ಪತ್ರೆಗೆ ಕಳಿಸಬೇಕು, ಸಲಹೆ ಹೇಳಿ ಸುಮ್ಮನಾಗಬಾರದು.

ನಲ್ಲಿನೀರು

ಹಾಗಾದರೆ ನಮ್ಮ ದೊಡ್ಡ ಮಕ್ಕಳ ಬಿಸಿನೀರಿನ ಮೂರ್ಛೆಗೂ ಜೀನ್ ಪರೀಕ್ಷೆ ಇದೆಯೇ?

ವಂಶವೃಕ್ಷ

ಚಿಕಿತ್ಸೆ ಬದಲಿಸುವಂಥ ಪರೀಕ್ಷೆ ಇಲ್ಲ. ಲ್ಯಾಬಿನವರು ಹಲವು ಜೀನ್‌ಗಳ ಪರೀಕ್ಷೆಯ ಪ್ಯಾನೆಲ್ ಮಾರಲು ಬಂದರೆ ದುಡ್ಡು ಉಳಿಸಿಕೊಳ್ಳಿ. ಸಂಶೋಧನೆ ಮಾತ್ರ ನಡೆದಿದೆ, ಅದೂ ಬೆಂಗಳೂರಿನಲ್ಲೇ: ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಡಾ. ಅನುರಂಜನ್ ಆನಂದ್ ಅವರ ಪ್ರಯೋಗಾಲಯ ನಿಮ್ಹಾನ್ಸ್ ಜೊತೆಗೂಡಿ ಹಲವು ತಲೆಮಾರಿನಲ್ಲಿ ಈ ಕಾಯಿಲೆ ಇರುವ ಕುಟುಂಬಗಳನ್ನು ಹುಡುಕಿತು. 2009ರಲ್ಲಿ 10ನೇ ಮತ್ತು 4ನೇ ಕ್ರೋಮೋಸೋಮಿನ ಉದ್ದ ತೋಳುಗಳಲ್ಲಿ ಒಂದೊಂದು ಜಾಗ ಗುರುತಾಯಿತು. 2017ರಲ್ಲಿ ಎಸ್‌ಎಲ್‌ಸಿ1ಎ1 ಜೀನಿನಲ್ಲಿ ವಿರಳ ವ್ಯತ್ಯಾಸಗಳು ಸಿಕ್ಕವು. ನರಕೋಶಗಳ ಸುತ್ತ ಚೆಲ್ಲಿದ, ಅವನ್ನು ಕೆರಳಿಸುವ ಗ್ಲುಟಮೇಟ್ ಎಂಬ ವಸ್ತುವನ್ನು ಒಳಗೆಳೆದುಕೊಳ್ಳುವ ಸಾಗಣೆ ಪ್ರೋಟೀನು ಅದರದ್ದು.

ಆದರೆ ರೋಗಿಗಳಲ್ಲಿ ಹೆಚ್ಚಿನವರಿಗೆ ಕುಟುಂಬದಲ್ಲಿ ಬೇರೆ ಯಾರಿಗೂ ಇರುವುದಿಲ್ಲ. ಕುಟುಂಬದ ಇತಿಹಾಸ ಸಿಗುವುದು ಅಧ್ಯಯನ ನೋಡಿಕೊಂಡು 7ರಿಂದ 22 ಪರ್ಸೆಂಟ್. ಇನ್ನು ಸ್ನಾನದ ಎಲ್ಲ ಅಪಸ್ಮಾರವೂ ಒಂದೇ ಅಲ್ಲ. ಫ್ರೆಂಚ್ ಕೆನಡಾದ ಒಂದು ಕುಟುಂಬದಲ್ಲಿ ಎಸ್‌ವೈಎನ್1 ಎಂಬ ಜೀನಿನ ದೋಷ ಸಿಕ್ಕಿದೆ, ಅದು ಎಕ್ಸ್ ಕ್ರೋಮೋಸೋಮಿನದು, ಗಂಡುಮಕ್ಕಳಿಗೆ ಬರುವಂಥದ್ದು. ಅಂಥ ಕಡೆ ನೀರು ತಾಗುವುದೇ ಪ್ರಚೋದಕ, ಬಿಸಿ ಇರಲೇಬೇಕೆಂದಿಲ್ಲ. ತಣ್ಣೀರಿಗೂ ಬರುತ್ತದೆ, ಕಲಿಕೆಯೂ ಹಿಂದಿದೆ ಎಂದಾದರೆ ಆಗ ಜೀನ್ ಪರೀಕ್ಷೆಗೆ ಅರ್ಥವಿದೆ.

ತರಂಗರೇಖೆ

ದೊಡ್ಡ ಮಕ್ಕಳಲ್ಲಿ ಇನ್ನೊಂದು ಇದೆ. ಹತ್ತರಲ್ಲಿ ಒಬ್ಬರಷ್ಟು ಜನರಿಗೆ ಫಿಟ್ಸ್ ಶುರುವಾಗುವಾಗ ಹಿತವೆನಿಸುತ್ತದೆ, ಹಾಗಾಗಿ ಬೇಕೆಂದೇ ಸುರಿದುಕೊಳ್ಳುತ್ತಾ ಹೋಗುತ್ತಾರೆ. ಹನ್ನೆರಡು ವರ್ಷದ ಹುಡುಗ ಬಚ್ಚಲಲ್ಲಿ ಅರ್ಧ ಗಂಟೆ ಇರುತ್ತಾನೆ, ಬಕೆಟ್ ಮೇಲೆ ಬಕೆಟ್ ಖಾಲಿ ಎಂದರೆ ಬೈಯುವ ಮುಂಚೆ ಇದನ್ನು ಯೋಚಿಸಿ. ಕೇಳುವಾಗ ಅಮ್ಮ ಅಪ್ಪ ಹೊರಗಿರಲಿ. ಇಂಥವರಿಗೆ ಬಿಸಿ ಇಳಿಸಿ ಎಂಬ ಉಪದೇಶ ಹಿಡಿಯುವುದಿಲ್ಲ, ಅವರೇ ಗೀಸರ್ ಏರಿಸಿಕೊಳ್ಳುತ್ತಾರೆ. ಔಷಧ ಬೇಕಾಗುವವರಲ್ಲಿ ಇವರೂ ಸೇರುತ್ತಾರೆ.

ನಲ್ಲಿನೀರು

ಗ್ಯಾಸ್ ಗೀಸರ್ ಬಗ್ಗೆ ಯಾರೂ ಬರೆದಿಲ್ಲ. ಮುಚ್ಚಿದ ಬಚ್ಚಲೊಳಗೇ ಗ್ಯಾಸ್ ಗೀಸರ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜನ ಬಿದ್ದುಹೋಗುತ್ತಾರೆ, ಕೈಕಾಲು ಸೆಳೆಯುತ್ತದೆ. ನೋಡಿದವರಿಗೆ ಫಿಟ್ಸೇ. ವ್ಯತ್ಯಾಸ ಹೀಗೆ: ತಲೆಗೆ ನೀರು ಹಾಕದ ದಿನವೂ ಆಗುತ್ತದೆ, ಸ್ನಾನ ಉದ್ದವಾದಷ್ಟೂ ಹೆಚ್ಚು, ಮುಂಚೆ ತಲೆನೋವು, ವಾಕರಿಕೆ, ಅದೇ ಬಚ್ಚಲಲ್ಲಿ ಬೇರೆಯವರಿಗೂ ತಲೆ ಸುತ್ತಿದೆ. ಮಾಗಿಯಲ್ಲಿ ಕಿಟಕಿ ಮುಚ್ಚಿದಾಗ ಜಾಸ್ತಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ, 98 ತೋರಿಸುತ್ತದೆ. ಅದಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತಕ್ಕೂ ಭೇದ ತಿಳಿಯದು. ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಅಳೆಯಬೇಕು, ಅದೂ ಬೇಗ. ಬರೀ ಗಾಳಿಯಲ್ಲಿ ಅದು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಆಕ್ಸಿಜನ್ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅರ್ಧ ಇಳಿಯುತ್ತದೆ. ಮರುದಿನ ಪರೀಕ್ಷೆ ಮಾಡಿಸಿ ನಾರ್ಮಲ್ ಎಂದರೆ ಏನೂ ಗೊತ್ತಾದಂತಾಗಲಿಲ್ಲ. ಗೀಸರನ್ನು ಬಚ್ಚಲ ಹೊರಗಿನ ಗೋಡೆಗೆ ಹಾಕಿಸಿ. ಅದು ಆಗುವ ತನಕ ಬಕೆಟ್ ತುಂಬಿಸಿ, ಗ್ಯಾಸ್ ಆರಿಸಿ, ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸ್ನಾನಕ್ಕೆ ಇಳಿಯಿರಿ.

ಹಂಡೆಒಲೆ

ಕೊನೆಯ ಭಾಗ, ಬಚ್ಚಲಲ್ಲೇ ಫಿಟ್ಸ್ ಬಂದಾಗ ಏನು ಮಾಡಬೇಕು? ಕಬ್ಬಿಣ ಹಿಡಿಸುವುದು, ಚಪ್ಪಲಿ ಮೂಸಿಸುವುದು ಬೇಡ ಎಂದು ಈಗಾಗಲೇ ಬರೆದಾಗಿದೆ.

ಕಾವೇರಿತೀರ

ನಲ್ಲಿ ನಿಲ್ಲಿಸಿ. ಒಲೆ, ಹಂಡೆ, ಬಿಸಿ ಬಕೆಟ್‌ನಿಂದ ಮಗುವನ್ನು ದೂರ ಎಳೆಯಿರಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಮಗುವಿನ ಚರ್ಮ ಸುಡುತ್ತದೆ, ಪ್ರಜ್ಞೆ ಇಲ್ಲದ ಮಗು ಪಕ್ಕಕ್ಕೆ ಸರಿಯುವುದಿಲ್ಲ. ಒಣ ಟವೆಲ್ ತಲೆ ಕೆಳಗಿಟ್ಟು, ಮಗ್ಗುಲಿಗೆ ಮಲಗಿಸಿ, ಬಾಯಲ್ಲಿನ ನೀರು ನೊರೆ ಹೊರಗೆ ಹರಿಯಲಿ. ಹಲ್ಲಿನ ನಡುವೆ ಏನನ್ನೂ ಇಡಬೇಡಿ, ನೀರು ಕುಡಿಸಬೇಡಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್, ವೈದ್ಯರು ಬರೆದುಕೊಟ್ಟ, ಫಿಟ್ಸ್ ನಿಲ್ಲಿಸುವ ಮಿಡಜೊಲಾಮ್ ಮೂಗಿನ ಸ್ಪ್ರೇ ಮನೆಯಲ್ಲಿದ್ದರೆ ಆಗ ಅದನ್ನು ಕೊಡಿ. ಬಚ್ಚಲ ಬಾಗಿಲಿಗೆ ಒಳಗಿನ ಚಿಲಕ ಇರಬಾರದು. ಇದೊಂದನ್ನು ಇವತ್ತೇ ಮಾಡಬಹುದು, ಸ್ಕ್ರೂಡ್ರೈವರ್ ಸಾಕು.

ಮಾತ್ರೆಡಬ್ಬಿ

ಸ್ಪ್ರೇ ಬಗ್ಗೆ ಎಚ್ಚರಿಕೆ. ಒಂದು ಸಲ ಒತ್ತಿದರೆ 0.5 ಮಿಲಿಗ್ರಾಂ ಬರುವ ಬಾಟಲಿಯೂ ಇದೆ, 1.25 ಬರುವುದೂ ಇದೆ. ಸಾಮಾನ್ಯ ಲೆಕ್ಕ ಕಿಲೋಗೆ 0.2 ಮಿಲಿಗ್ರಾಂ, ಅಂದರೆ 15 ಕಿಲೋ ಮಗುವಿಗೆ 3 ಮಿಲಿಗ್ರಾಂ: ಮೊದಲ ಬಾಟಲಿಯಲ್ಲಿ ಆರು ಸಲ, ಮೂಗಿನ ಒಂದೊಂದು ಹೊಳ್ಳೆಗೆ ಮೂರು. ಅದೇ ಆರು ಸಲವನ್ನು ಎರಡನೇ ಬಾಟಲಿಯಲ್ಲಿ ಒತ್ತಿದರೆ ಏಳೂವರೆ ಮಿಲಿಗ್ರಾಂ, ಉಸಿರು ಇಳಿಯುವಷ್ಟು. ಅಂಗಡಿಯಲ್ಲಿ ಬ್ರಾಂಡ್ ಬದಲಾದಾಗ "ಎಷ್ಟು ಸಲ" ಎಂಬ ಹಳೇ ಲೆಕ್ಕ ನಡೆಯುವುದಿಲ್ಲ. ವೈದ್ಯರಿಂದ ಮಿಲಿಗ್ರಾಂ ಮತ್ತು ಎಷ್ಟು ಸಲ ಎರಡನ್ನೂ ಬರೆಸಿ ಬಾಟಲಿಗೆ ಅಂಟಿಸಿ. ಹೊಸ ಬಾಟಲಿಯನ್ನು ಮೊದಲು ಗಾಳಿಗೆ ಒತ್ತಿ ಹನಿ ಹೊರಡುವ ತನಕ ನೋಡಿ, ಇಲ್ಲದಿದ್ದರೆ ಮೊದಲ ಒಂದೆರಡು ಒತ್ತು ಬರೀ ಗಾಳಿ.

ಹಂಡೆಒಲೆ

ಮನೆಯವರಿಗೆ ಒಂದು ಹಾಳೆ ಕೊಡುವ ಯೋಚನೆ ಇದೆ: ತಾರೀಖು, ನೀರಿನ ಬಿಸಿ, ಫಿಟ್ಸ್ ಬಂತೇ, ಎಷ್ಟು ನಿಮಿಷ. ಇಷ್ಟು ಸಾಕೇ?

ತರಂಗರೇಖೆ

ಎರಡು ಕಾಲಂ ಸೇರಿಸಿ. ತಲೆಗೋ ಮೈಗೋ, ಕ್ಲೋಬಜಾಮ್ ಕೊಟ್ಟ ಹೊತ್ತು ಮತ್ತು ಸ್ನಾನ ಶುರುವಾದ ಹೊತ್ತು. ಇನ್ನೊಂದು, ಫಿಟ್ಸ್ ಬಂದ ದಿನ ಮಾತ್ರ ಬರೆದರೆ ಹಾಳೆ ಉಪಯೋಗಕ್ಕೆ ಬರುವುದಿಲ್ಲ. ಏನೂ ಆಗದ ತಲೆಸ್ನಾನಗಳೂ ಅದರಲ್ಲಿರಬೇಕು. ಹತ್ತು ಸ್ನಾನಕ್ಕೆ ಎರಡು ಸಲ ಬಂದಿದ್ದು, ಬಿಸಿ ಇಳಿಸಿದ ಮೇಲೆ ಹತ್ತಕ್ಕೆ ಸೊನ್ನೆ ಎಂದು ಕಾಣದಿದ್ದರೆ ವೈದ್ಯರಿಗೆ ಔಷಧ ನಿಲ್ಲಿಸಲೂ ಧೈರ್ಯ ಬರುವುದಿಲ್ಲ, ಶುರು ಮಾಡಲೂ ಆಧಾರವಿರುವುದಿಲ್ಲ. ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಚ್ಚಲ ಹೊರಬಾಗಿಲಿಗೆ ತೂಗುಹಾಕಿ, ಪೆನ್ಸಿಲ್ ಕಟ್ಟಿ. ಪೆನ್ನಿನ ಶಾಯಿ ಒದ್ದೆ ಕೈಗೆ ಕಲೆಸಿಹೋಗುತ್ತದೆ.